ಬೆಣ್ಣೆ ಮುದ್ದೆ

ಮಕ್ಕಳನ್ನು ಗುಡ್ಡ ಹತ್ತಿಸಿ, ಡೇರೆಯಲ್ಲಿ ಮಲಗಿಸಿ ಬದುಕು ಕಲಿಸುವ ಸಂಸ್ಥೆಗೆ ಇಪ್ಪತ್ತೈದು ವರ್ಷ ತುಂಬಿತ್ತು. ನಿಧಿ ಕೂಡಿಸಲು ಏರ್ಪಡಿಸಿದ ಭೋಜನಕೂಟದಲ್ಲಿ ದೇಣಿಗೆಯೇನೋ ಧಾರಾಳವಾಗಿ ಬಂತು. ಆದರೆ ಬೇಸಿಗೆ ಶಿಬಿರಕ್ಕೆ ಮಾತ್ರ ಒಬ್ಬರೂ ತಮ್ಮ ಮಕ್ಕಳನ್ನು ಕಳಿಸಲೊಲ್ಲರು. ಮಕ್ಕಳಿಲ್ಲದೆ ಎಂಥ ಶಿಬಿರ? ಸಂಸ್ಥೆ ನಡೆಸುವ ನೀಲಾಂಬಿಕಾಗೆ ರೋಸಿಹೋಯಿತು.

“ರೊಕ್ಕ ಎಷ್ಟರ ತಗೋರಿ ಅಕ್ಕಾರ, ಆ ಬಿಸಲಾಗ ನಮ್ಮ ಹುಡುಗೀನ ಮಾತ್ರ ಕೇಳಬ್ಯಾಡ್ರಿ,” ಎಂದರು ಸನ್ಮಾನದ ಶಾಲು ಹೊದ್ದ ಸಾಹುಕಾರರು.

“ನಿಮ್ಮ ಹುಡುಗಿ ಬೆಣ್ಣಿ ಮುದ್ದಿ ಏನ್ರೀ, ಕರಗಾಕ?” ಎಂದಳು ನೀಲಾಂಬಿಕಾ.

ಸುತ್ತಲಿನವರು ಗೊಳ್ಳೆಂದರು. ಸಾಹುಕಾರರೂ ನಕ್ಕು ಸೋತರು. “ಆತು, ಕಳಸ್ತೀನಿ. ನಿಮ್ಮ ಮಗಳೂ ಅದಽ ವಯಸ್ಸಿನಾಕಿ, ಇಬ್ಬರನ್ನೂ ಒಂದಽ ಡೇರೆದಾಗ ಇಡ್ರಿ.”

ನೀಲಾಂಬಿಕಾ ಸೆರಗು ಸರಿಪಡಿಸಿಕೊಂಡಳು. “ಆಕಿ ಬರೂದಿಲ್ರೀ. ಬಿಸಲು ಆಕಿಗೆ ಆಗಿಬರೂದಿಲ್ಲ.”