ಅಡ್ಡ ಮಲಗಿದವರು

ಬೆಳಿಗ್ಗೆ ಓರ್ಲೀನಾ ಗುಡ್ಡ ಹತ್ತಿ ಬರುವ ಹೊತ್ತಿಗೆ ಅವಳ ಮಗನ ಗುಂಡಿಗೆ ಗೂಟ ಹೊಡೆದು ದಾರ ಕಟ್ಟಿ ಆಗಿತ್ತು. ಬೇಲಿಯ ಮೂಲೆಯಲ್ಲಿ, ಮುಳ್ಳುಕಂಟಿಯ ಪಕ್ಕ, ದಕ್ಷಿಣೋತ್ತರವಾಗಿ. ಡನ್‌ಲೇವಿ ಮನೆತನದ ಆ ಸ್ಮಶಾನದಲ್ಲಿ ಮಿಕ್ಕವರೆಲ್ಲ ಪೂರ್ವಕ್ಕೆ ಕಾಲು ಚಾಚಿ ಮಲಗಿದ್ದರು. ಕೊನೆಯ ತೀರ್ಪಿನ ದಿನ ಎದ್ದು ಕೂತರೆ ಎದುರಿಗೇ ಸೂರ್ಯ ಕಾಣಬೇಕು. ನೇಣಿಗೇರಿದವರನ್ನು, ತಮ್ಮ ಜೀವ ತಾವೇ ತೆಗೆದುಕೊಂಡವರನ್ನು ಮಾತ್ರ ಅಡ್ಡ ಮಲಗಿಸುವುದು ವಾಡಿಕೆ. ಕೊರಿಯಾ ಯುದ್ಧದಿಂದ ಮೈಮೇಲೊಂದು ಗಾಯವೂ ಇಲ್ಲದೆ ವಾಪಸಾಗಿದ್ದ ಅವಳ ಮಗ ಲೊವೆಲ್ ಮೊನ್ನೆ ಕೊಟ್ಟಿಗೆಯಲ್ಲಿ ಅಪ್ಪನ ಕೋವಿಯಿಂದ ಗುಂಡು ಹೊಡೆದುಕೊಂಡಿದ್ದ.

ದಾರ ಕಟ್ಟಿಸಿದವನು ಹೈರಮ್, ಓರ್ಲೀನಾಳ ತೀರಿಹೋದ ಗಂಡನ ಅಣ್ಣ. ಸ್ಮಶಾನದ ಉಸ್ತುವಾರಿ ಅವನದೇ. ಇಂಗ್ಲೆಂಡಿನ ರಾಜ ಆಳುತ್ತಿದ್ದ ಕಾಲಕ್ಕೇ ಐರ್ಲೆಂಡಿನಿಂದ ವರ್ಜೀನಿಯಾದ ಈ ಬೆಟ್ಟಗಳಿಗೆ ಬಂದು ನೆಲೆಸಿದ ಆರ್ಥರ್ ಡನ್‌ಲೇವಿಯ ಕುಲ ತಮ್ಮದು ಎಂದು ಸಿಕ್ಕಸಿಕ್ಕವರಿಗೆ ಹೇಳಿಕೊಂಡು ತಿರುಗುವುದು ಅವನ ಚಾಳಿ. ಹೋದ ವರ್ಷ ಊರೂರಿನ ಡನ್‌ಲೇವಿಗಳನ್ನೆಲ್ಲ ಸೇರಿಸಿ ಆರ್ಥರನ ತಲೆಯ ಕಡೆ ಎದೆಯೆತ್ತರದ ಹೊಸ ಕಲ್ಲು ನಿಲ್ಲಿಸಿದ್ದ. 'ಮನೆಮಂದಿಯನ್ನು ಕಾಯುತ್ತ ಶತ್ರುಗಳ ಕೈಯಲ್ಲಿ ಮಡಿದ ವೀರ' ಎಂದು ಕೆತ್ತಿಸಿದವನೂ ಅವನೇ. ವಂಶದ ಬೇರು ಹುಡುಕುವ ದುಡಿಮೆ ಮಾತ್ರ ಓರ್ಲೀನಾಳದು. ಹೆಸರಿಲ್ಲದ ಗೋರಿಗಳನ್ನು ಕಬ್ಬಿಣದ ಸರಳಿನಿಂದ ನೆಲ ಚುಚ್ಚಿ ಚುಚ್ಚಿ ಅವಳು ಪತ್ತೆ ಮಾಡುತ್ತಿದ್ದಳು. ಒಮ್ಮೆ ಅಗೆದ ಮಣ್ಣು ಎಷ್ಟು ಕಾಲವಾದರೂ ಅಕ್ಕಪಕ್ಕದ ನೆಲದಷ್ಟು ಗಟ್ಟಿಯಾಗುವುದಿಲ್ಲ. ಇವತ್ತೂ ಆ ಸರಳು ಅವಳ ಕೈಯಲ್ಲಿತ್ತು.

"ಭಾವ, ಆ ದಾರ ಬಿಚ್ಚಿಸಿ," ಎಂದಳು. "ನನ್ನ ಮಗ ಅವನಪ್ಪನ ಪಕ್ಕ ಮಲಗ್ತಾನೆ."

"ಆಗಲ್ಲ ಓರ್ಲೀನಾ. ಇದು ನಾನು ಮಾಡಿದ ಕಟ್ಟಳೆಯಲ್ಲ. ಹಿರಿಯರ ಕಾಲದಿಂದ ಬಂದಿದ್ದು."

"ಹಾಗಿದ್ರೆ ಆ ಹಿರಿಯರನ್ನೇ ಕೇಳೋಣ ಬನ್ನಿ."

ಹೈರಮ್‌ನ ಮುಖ ಕಪ್ಪಿಟ್ಟಿತು. "ಅದನ್ನ ಈಗ್ಯಾಕೆ ಕೆದಕ್ತೀಯ?" ಎಂದ, ದನಿ ತಗ್ಗಿಸಿ. "ಹೋದ ವರ್ಷವೇ ಮಾತಾಡಿ ಮುಗಿಸಿದ್ವಲ್ಲ."

ಓರ್ಲೀನಾ, ಗುಂಡಿ ತೋಡಲು ಸಲಿಕೆ ಹಿಡಿದು ನಿಂತಿದ್ದ ಬರ್ಲ್‌ನನ್ನು ಆರ್ಥರನ ಕಲ್ಲಿನ ಹತ್ತಿರ ಕರೆದು ಅವನ ಕೈಗೆ ಸರಳು ಕೊಟ್ಟಳು. ಬರ್ಲ್ ಇಬ್ಬರಿಗೂ ವರಸೆಯಲ್ಲಿ ಮಗನಾಗಬೇಕು. ಕಲ್ಲಿನಿಂದ ಪೂರ್ವಕ್ಕೆ, ಹಿರಿಯನ ಎದೆ ಇರಬೇಕಾದ ಕಡೆ ಚುಚ್ಚಿದ. ಗೇಣುದ್ದಕ್ಕೇ ಸರಳು ನಿಂತಿತು. ಮೈಭಾರವೆಲ್ಲ ಹಾಕಿದರೂ ಇಳಿಯಲಿಲ್ಲ.

"ಇಲ್ಲಿ ಯಾರೂ ಇಲ್ವಲ್ಲ ಚಿಕ್ಕಮ್ಮ. ದೊಡ್ಡಪ್ಪ ಇಷ್ಟು ದೊಡ್ಡ ಕಲ್ಲನ್ನ ಬರೀ ನೆಲಕ್ಕೆ ನಿಲ್ಸಿದ್ರಾ?"

"ಉತ್ತರಕ್ಕೆ ಚುಚ್ಚು."

ಸರಳು ಹಿಟ್ಟಿನೊಳಗೆ ಹೋದಂತೆ ಸರಾಗವಾಗಿ ಇಳಿಯಿತು. ಬರ್ಲ್ ಇನ್ನಷ್ಟು ಮುಂದೆ ಚುಚ್ಚಿದ, ಅಲ್ಲೂ ಇಳಿಯಿತು. ಒಬ್ಬ ಗಂಡಸಿನ ಉದ್ದಕ್ಕೂ ಹಾಗೆಯೇ ಹೋಗಿ ಕೊನೆಗೆ ಗಟ್ಟಿ ನೆಲ ಸಿಕ್ಕಿತು. ಬೇಲಿಯ ಮೂಲೆಯಲ್ಲಿ ತಾನೇ ಕಟ್ಟಿದ ದಾರವನ್ನೊಮ್ಮೆ ನೋಡಿದ, ಕಾಲ ಕೆಳಗಿನ ನೆಲವನ್ನೊಮ್ಮೆ ನೋಡಿದ. ಎರಡೂ ಒಂದೇ ದಿಕ್ಕಿಗಿದ್ದವು. ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಇವನ ಪಕ್ಕದಲ್ಲೇ ಸಣ್ಣ ಸಣ್ಣ ಗುಂಡಿಗಳಿವೆ," ಎಂದಳು ಓರ್ಲೀನಾ. "ಎಲ್ಲ ನೇರವಾಗೇ ಇವೆ, ಒತ್ತೊತ್ತಾಗಿ. ಇವನ ಮಕ್ಕಳಿರಬೇಕು. ಒಂದೇ ಚಳಿಗಾಲದಲ್ಲಿ ಹೋಗಿರಬೇಕು. ಉಳಿದ ಒಬ್ಬ ಹುಡುಗನಿಂದ ಈ ವಂಶ ಬೆಳೀತು. ಅಷ್ಟೂ ಮಕ್ಕಳನ್ನ ಮಣ್ಣು ಮಾಡಿ ಬಂದ ಅಪ್ಪ ಆಮೇಲೆ ಏನು ಮಾಡ್ಕೊಂಡ ಅಂತ ಹೋದ ವರ್ಷವೇ ನಿಮಗೆ ಹೇಳ್ದೆ ಭಾವ. ಯಾರಿಗೂ ಹೇಳ್ಬೇಡ ಅಂದ್ರಿ, ಬಾಯಿ ಮುಚ್ಕೊಂಡೆ. ಕಲ್ಲಿನ ಮೇಲೆ ವೀರ ಅಂತ ಕೆತ್ತಿಸಿದ್ರಿ, ಅದಕ್ಕೂ ಹೂವಿಟ್ಟೆ. ಅವನಿಗೆ ಎದೆಯೆತ್ತರದ ಕಲ್ಲು, ನನ್ನ ಮಗನಿಗೆ ಮುಳ್ಳುಕಂಟಿಯಾ?"

ಹೈರಮ್ ಕೆಟ್ಟವನಲ್ಲ, ಹೆದರುಪುಕ್ಕಲ. ಮುಂದಿನ ಭಾನುವಾರವೇ ಡನ್‌ಲೇವಿಗಳೆಲ್ಲ ಮಕ್ಕಳುಮರಿ ಕಟ್ಟಿಕೊಂಡು ಸಮಾಧಿಗಳಿಗೆ ಹೂವಿಡಲು ಬರುವವರಿದ್ದರು. ಅವನು ಕಲ್ಲಿಗೆ ಬೆನ್ನು ಮಾಡಿ ನಿಂತ.

"ಬರ್ಲ್, ಆ ದಾರ ಕಿತ್ತುಹಾಕು," ಎಂದ ಕೊನೆಗೆ. "ಅವನಪ್ಪನ ಪಕ್ಕ ನೇರವಾಗಿ ಅಗಿ. ಈ ಮಾತು ಇಲ್ಲಿಗೇ ಮುಗೀಲಿ."

ಓರ್ಲೀನಾ ಗುಡ್ಡ ಹತ್ತಿ ಬಂದದ್ದೇ ಇದಕ್ಕೆ. ಆದರೂ ಕೇಳಿದ್ದು ಸಿಕ್ಕ ಸಮಾಧಾನ ಅವಳಲ್ಲಿ ಹುಟ್ಟಲಿಲ್ಲ. ಮಗ ಬದುಕಿದ್ದಾಗ, ಯುದ್ಧದ ಬಗ್ಗೆ ಬಾಯಿ ಬಿಟ್ಟಾಗಲೆಲ್ಲ, ಈ ಮಾತು ಇಲ್ಲಿಗೇ ಮುಗೀಲಿ ಎಂದೇ ಎಲ್ಲರೂ ಅವನಿಗೆ ಹೇಳಿದ್ದು. ತಾನೂ ಹೇಳಿದ್ದಳು.

"ಬೇಡ," ಎಂದಳು. "ಮಾತು ಮುಗಿಸೋಕೆ ಅಂತ ಕೊಡೋ ಜಾಗ ನನಗೆ ಬೇಡ. ಇಲ್ಲೇ ಅಗಿ ಬರ್ಲ್, ಈ ಹಿರಿಯನ ಇನ್ನೊಂದು ಮಗ್ಗುಲಲ್ಲಿ. ಅಡ್ಡವೇ ಅಗಿ."

"ಬಂದವರೆಲ್ಲ ಕೇಳ್ತಾರೆ ಓರ್ಲೀನಾ."

"ಕೇಳ್ಲಿ. ಸರಳು ನನ್ನ ಹತ್ರವೇ ಇರುತ್ತೆ."

ಹೈರಮ್ ತಾನೇ ಹೋಗಿ ಮೂಲೆಯ ಗೂಟಗಳನ್ನು ಕಿತ್ತು ತಂದು ಬರ್ಲ್‌ನ ಕಾಲ ಬಳಿ ಹಾಕಿದ. ಬರ್ಲ್ ಆರ್ಥರನ ಪಕ್ಕದಲ್ಲಿ ಮೊದಲನೆಯ ಗೂಟ ಊರಿ ಅಂತರ ಎಷ್ಟು ಬಿಡಲಿ ಎಂದು ಕೇಳಿದ.

"ಅಂತರ ಬೇಡ. ಆ ಕಡೆ ಮಾತ್ರ ಇನ್ನೊಂದಕ್ಕೆ ಆಗೋವಷ್ಟು ಬಿಡು, ನನಗೆ."

ಬರ್ಲ್ ತಲೆಯೆತ್ತಿ ಗುಡ್ಡದ ಮೇಲ್ಗಡೆ ನೋಡಿದ. ಮೇಲಿನ ಸಾಲಿನಲ್ಲಿ ಅವಳ ಗಂಡನ ಕಲ್ಲಿತ್ತು. ಅದರ ಮೇಲೆ ಗಂಡನ ಹೆಸರಿನ ಜೊತೆಗೆ ಅವಳ ಹೆಸರನ್ನೂ ಹುಟ್ಟಿದ ವರ್ಷವನ್ನೂ ಆಗಲೇ ಕೆತ್ತಿಸಿ, ಸಾಯುವ ವರ್ಷಕ್ಕೆ ಜಾಗ ಖಾಲಿ ಬಿಟ್ಟಿದ್ದರು.

"ಮತ್ತೆ ಚಿಕ್ಕಪ್ಪನ ಕಲ್ಲಿನ ಮೇಲೆ ನಿಮ್ಮ ಹೆಸರಿದೆಯಲ್ಲ ಚಿಕ್ಕಮ್ಮ?"

"ಇರ್ಲಿ ಬಿಡು," ಎಂದಳು ಓರ್ಲೀನಾ. "ಸುಳ್ಳು ಹೇಳೋ ಕಲ್ಲು ಈ ಮನೆತನಕ್ಕೆ ಹೊಸದೇನಲ್ಲ."