ಅಮಾಸೆ ಮೋಟಾರು

“ಉದಯ್‌ಕುಮಾರ್ ಸಾಹೇಬ್ರ ಫೈಲು ಅಳಿಸ್ಬುಟ್ರಾ ಮೇಡಂ? ನಾಳೆ ಅಮಾಸೆ ಕಣ್ರಿ!” ನೀರುಗಂಟಿ ಚಿಕ್ಕಮಾದಪ್ಪ ಬಾಗಿಲಲ್ಲೇ ನಿಂತು ಬಾಯಿ ಬಡಿದುಕೊಂಡ.

ಅಳಿಸಿಯಾಗಿತ್ತು. ಹನೂರಿನ ಆ ನೀರಿನ ಕಚೇರಿಗೆ ರೂಪ ಹೊಸಬಳು. ಯಾವ ಮೋಟಾರು ಯಾವಾಗ ಓಡಬೇಕೆಂದು ನೌಕರರು ತಂತಮ್ಮ ಹೆಸರಿನ ಫೈಲಿನಲ್ಲಿ ಬರೆದಿಟ್ಟರೆ ಅಲ್ಲಿನ ಕಂಪ್ಯೂಟರು ಹೊತ್ತಿಗೆ ಸರಿಯಾಗಿ ಓಡಿಸುತ್ತದೆ. ಬಿಟ್ಟುಹೋದವರ ಫೈಲುಗಳನ್ನು ತೆಗೆಯಿರಿ ಎಂದು ಮೇಲಿನಿಂದ ಆದೇಶ ಬಂದಿತ್ತು. ಯಳಂದೂರಿಗೆ ವರ್ಗವಾಗಿ ಹೋಗಿದ್ದ ಉದಯಕುಮಾರನದನ್ನು ತೆರೆದೂ ನೋಡದೆ ಅಳಿಸಿ ಅವಳು ನಿರಾಳವಾಗಿ ಕಾಫಿ ಕುಡಿದಿದ್ದಳು.

“ಕೊಳ್ಳೇಗಾಲದ ಕಡೆಯಿಂದ ಮಾದಪ್ಪನ ಬೆಟ್ಟಕ್ಕೆ ನಡ್ಕಂಡು ಓಗೋ ಜನ ಸಂಜೆಗೆ ಇಲ್ಲಿರ್ತಾರೆ. ರಸ್ತೆ ಪಕ್ಕದ ತೊಟ್ಟಿಲಿ ಒಂದ್ ಚೊಂಬು ನೀರಿಲ್ಲ. ಅಮಾಸೆ ಮುಂಚಿನ ದಿನ ಮದ್ದಾನಕ್ಕೆ ಮೋಟ್ರು ತಾನೇ ಓಡೋದು. ಕೈಯಲ್ಲಿ ಓಡ್ಸಾನ ಅಂದ್ರೆ ಅಲ್ಲಿ ಸ್ವಿಚ್ಚು ಸುಟ್ಟೋಗದೆ.”

 ಮಾಂಬಳ್ಳಿಯಿಂದ ಬರಿಗಾಲಲ್ಲಿ ಹೊರಟ ರೂಪಾಳ ಅವ್ವ ಶಿವರತ್ನಮ್ಮನೂ ಆ ಜನರಲ್ಲಿದ್ದಳು. “ಹನೂರಲ್ಲಿ ನೀರಿನ ಯೋಚ್ನೆ ಬುಡವ್ವ, ನಾನಿಲ್ವಾ?” ಎಂದು ಬೆಳಿಗ್ಗೆ ಅವ್ವನಿಗೆ ಫೋನಿನಲ್ಲಿ ದೊಡ್ಡದಾಗಿ ಹೇಳಿದ್ದಳು ಬೇರೆ. ಆ ನೀರು ತಾನು ಅಳಿಸಿದ ಫೈಲಿನಲ್ಲಿರಬಹುದೆಂದು ಅವಳಿಗೆ ಹೊಳೆದೇ ಇರಲಿಲ್ಲ.

ರೂಪ ಉದಯಕುಮಾರನಿಗೆ ಫೋನು ಹಚ್ಚಿದಳು.

“ಸರ್, ನಿಮ್ಮ ಫೈಲು ಅಳಿಸ್ಬುಟ್ಟೆ.”

“ಓಗ್ಲಿ ಬುಡಿ. ಅಮಾಸೆದು ಅದ್ರಲ್ಲಿಲ್ಲ. ಮಾದಪ್ಪ ಅನ್ನೋ ಹೆಸ್ರಲ್ಲಿ ಇನ್ನೊಂದು ಫೈಲು ಅದಲ್ಲ, ಅದ್ನೂ ತೆಗುದ್ರಾ?”

“ಇಲ್ಲ ಸರ್. ನಮ್ಮ ಚಿಕ್ಕಮಾದಪ್ಪನೋರ್ದು ಅನ್ಕಂಡು ಬುಟ್ಟಿದ್ದೆ.”

“ನಂದಾ?” ಪಕ್ಕದಲ್ಲಿದ್ದ ಚಿಕ್ಕಮಾದಪ್ಪ ಹೌಹಾರಿದ. “ಆ ಪೆಟ್ಟಿಗೆ ಮುಟ್ದೋನೇ ಅಲ್ಲ ಕಣ್ರಿ ನಾನು!”

ರೂಪ ಆ ಫೈಲು ತೆರೆದಳು. ಪಂಚಾಂಗ ನೋಡಿ ಬರೆದ ದಿನಗಳು, ಅಮಾವಾಸ್ಯೆಗೆ ಒಂದರಂತೆ, ಸಾಲಾಗಿ ಕೂತಿದ್ದವು. ಇವತ್ತಿನದೂ ಇತ್ತು. ಇಬ್ಬರೂ ಕಿಟಕಿಗೆ ಕಣ್ಣು ನೆಟ್ಟರು. ಮಧ್ಯಾಹ್ನವಾಗುತ್ತಲೇ ರಸ್ತೆ ಪಕ್ಕದ ತೊಟ್ಟಿಯ ಪೈಪು ಎರಡು ಸಲ ಕೆಮ್ಮಿ, ಗಾಳಿ ಉಗುಳಿ, ಭರ್ರೆಂದು ನೀರು ಸುರಿಸಿತು. “ಉಘೇ ಮಾದಪ್ಪಾ!” ಎಂದು ಚಿಕ್ಕಮಾದಪ್ಪ ಕಚೇರಿ ಎನ್ನುವುದನ್ನೂ ಮರೆತು ಕೂಗಿದ. ರೂಪಾಳಿಗೆ ಹೋದ ಜೀವ ಬಂದಂತಾಯಿತು. ಕಣ್ಣೊರೆಸಿಕೊಂಡು ಮತ್ತೆ ಉದಯಕುಮಾರನಿಗೆ ಫೋನು ಹಚ್ಚಿದಳು.

“ಅಲ್ಲ ಸರ್, ನಿಮ್ಮ ಹೆಸರಲ್ಲೇ ಬರೀಬಹುದಿತ್ತಲ್ಲ? ದೇವ್ರ ಹೆಸ್ರು ಯಾಕೆ?”

“ನಮ್ಮನ್ನಾದ್ರೆ ಇವತ್ತು ಇಲ್ಲಿಂದ ಕಿತ್ತು ನಾಳೆ ಅಲ್ಲಿಗಾಕ್ತಾರೆ ಕಣಮ್ಮ,” ಎಂದ ಉದಯಕುಮಾರ. “ಮಾದಪ್ಪನ್ನ ಎಲ್ಗೆ ವರ್ಗ ಮಾಡಾರು?”