ಹತ್ತಂಕಿಯ ಮಾತು

ಗಂಡಿನ ಕಡೆಯವರು ಉಪ್ಪಿಟ್ಟು ಮುಗಿಸಿ ಕಾಫಿಗೆ ಬಂದಿದ್ದರು. ಹುಡುಗ ಹೂಂ ಅಂದರೆ ಇವತ್ತೇ ತಾಂಬೂಲ ಎಂದು ಅಪ್ಪ ತೀರ್ಮಾನಿಸಿಬಿಟ್ಟಿದ್ದ. ಈ ಮದುವೆ ಬೇಡವೆಂದು ಹುಡುಗಿ ಅತ್ತದ್ದನ್ನು ಮನೆಯಲ್ಲಿ ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಹುಡುಗನಿಗಾದರೂ ಹೇಳೋಣವೆಂದರೆ ಸೋದರಮಾವ ಕಂಬದ ಹಾಗೆ ಪಕ್ಕದಲ್ಲೇ ನಿಂತಿದ್ದ.

ಅವಳು ಕಾಲೇಜಿನಲ್ಲಿ ಪ್ರೋಗ್ರಾಮಿಂಗ್ ಕಲಿಸುವವಳು. ಕಂಪ್ಯೂಟರಿನೊಳಗೆ ಇಂಗ್ಲಿಷಿನ ಒಂದೊಂದು ಅಕ್ಷರಕ್ಕೂ ಒಂದೊಂದು ಸಂಖ್ಯೆ ಇರುತ್ತದೆ. 'ಎ' ಅಂದರೆ ಅರವತ್ತೈದು. ಹುಡುಗನದೂ ಅದೇ ಕಸುಬು.

"ನನ್ನ ಫೋನ್ ನಂಬರ್ ಬರ್ಕೊಳ್ಳಿ," ಎಂದಳು. "ಎಪ್ಪತ್ತೆರಡು, ಅರವತ್ತೊಂಬತ್ತು..." ಎರಡೆರಡಾಗಿ ಬಿಡಿಸಿ ಹತ್ತೂ ಅಂಕಿ ಹೇಳಿದಳು.

ಮಾವನ ಹುಬ್ಬು ಮೇಲೇರಿತು. "ಇದು ನಿನ್ನ ನಂಬರ್ ಅಲ್ವಲ್ಲೇ?"

"ಹೊಸ ಸಿಮ್ಮು, ಮಾವ."

ಹುಡುಗ ಫೋನನ್ನೇ ನೋಡುತ್ತ ಕೂತ. ಎಪ್ಪತ್ತೆರಡು ಹೆಚ್, ಅರವತ್ತೊಂಬತ್ತು ಇ, ಆಮೇಲೆ ಎಲ್, ಪಿ, ಕೊನೆಗೊಂದು ಆಶ್ಚರ್ಯಸೂಚಕ. ಹೆಲ್ಪ್! ಅವನ ಮುಖ ಬಿಳಿಚಿಕೊಂಡಿತು. ಓದಿಬಿಟ್ಟ. ಈಗ ಬಾಯಿಬಿಟ್ಟನೋ, ಅಪ್ಪ ಅವಳ ಚರ್ಮ ಸುಲಿಯುತ್ತಾನೆ.

"ಏನೋ, ಗರ ಬಡಿದೋನ ಹಾಗೆ ಕೂತ್ಬಿಟ್ಟೆ?" ಹುಡುಗನ ತಾಯಿ ಗದರಿದಳು. "ನಿನ್ನ ನಂಬರೂ ಕೊಡು. ತಾಂಬೂಲ ತನ್ನಿ, ಇನ್ನೇನು ರಾಹುಕಾಲ ಬಂದ್ಬಿಡತ್ತೆ!"

ಅವನು ತಾಯಿಯನ್ನೊಮ್ಮೆ ಓರೆಗಣ್ಣಿನಲ್ಲಿ ನೋಡಿದ. "ಬರ್ಕೊಳ್ಳಿ. ಎಪ್ಪತ್ತೇಳು, ಅರವತ್ತೊಂಬತ್ತು..."

ಅವಳು ಹತ್ತೂ ಅಂಕಿಗಳನ್ನು ಅಕ್ಷರಕ್ಕೆ ತಿರುಗಿಸಿದಳು: 'ಮೀ ಟೂ'.